ಲ್ಯಾಬ್ರಡಾರ್ ಇದೆ, ಉಡುಪಿಯಲ್ಲಿ ಬಾಡಿಗೆ ಮನೆ ಸಿಗಬಹುದಾ?

ಪ್ರಶ್ನೆ
ಮೇ ಕೊನೆಗೆ ಉಡುಪಿಗೆ ವರ್ಗ. ಗಂಡ ಹೆಂಡತಿ ಇಬ್ಬರೇ, ಜೊತೆಗೆ 4 ವರ್ಷದ ಲ್ಯಾಬ್ರಡಾರ್. ಕಡಿಯಾಳಿ, ಇಂದ್ರಾಳಿ ಕಡೆ 2 ಬಿಎಚ್‌ಕೆ ಹುಡುಕುತ್ತಿದ್ದೇವೆ. ನಾಯಿ ಎಂದ ಕೂಡಲೇ ಬ್ರೋಕರ್‌ಗಳು ಫೋನ್ ಇಡುತ್ತಾರೆ. ಒಂದು ಫ್ಲ್ಯಾಟಿನ ಓನರ್ ಒಪ್ಪಿದ್ದಾರೆ, ಆದರೆ ಅಸೋಸಿಯೇಷನ್ ಬಿಡುವುದಿಲ್ಲವಂತೆ. ಅವರು ಹಾಗೆ ತಡೆಯಬಹುದಾ? ಮನೆ ನೋಡುವಾಗ ಏನೇನು ಗಮನಿಸಬೇಕು?

ಉತ್ತರ 1
ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಪ್ರಕಾರ, ಬಹುಮತದ ನಿರ್ಣಯ ಮಾಡಿಕೊಂಡರೂ ಅಸೋಸಿಯೇಷನ್ ಸಾಕುನಾಯಿಯನ್ನು ನಿಷೇಧಿಸುವ ಹಾಗಿಲ್ಲ. ಲಿಫ್ಟಿಗೆ ಬಿಡುವುದಿಲ್ಲ ಎನ್ನುವ ಹಾಗೂ ಇಲ್ಲ. ಅದರ ಒಂದು ಪ್ರತಿ, ರೇಬೀಸ್ ಲಸಿಕೆಯ ಪುಸ್ತಕ ಎರಡನ್ನೂ ಹಿಡಿದುಕೊಂಡು ಕಾರ್ಯದರ್ಶಿಯನ್ನು ಖುದ್ದಾಗಿ ಕಾಣಿ.

ಓನರ್ ವಿಷಯ ಬೇರೆ. ಕೊಡುವುದು ಬಿಡುವುದು ಅವರ ಇಷ್ಟ. ಇಲ್ಲಿ ಎಷ್ಟೋ ಓನರ್‌ಗಳು ಮುಂಬೈಯಲ್ಲೋ ದುಬೈಯಲ್ಲೋ ಇರುತ್ತಾರೆ, ಮನೆ ನೋಡಿಕೊಳ್ಳುವುದು ತಮ್ಮನೋ ಭಾವನೋ. ಅವರು ಫೋನಿನಲ್ಲಿ ಹೂಂ ಅಂದದ್ದು ಇವರಿಗೆ ಗೊತ್ತೇ ಇರುವುದಿಲ್ಲ. ಆದ್ದರಿಂದ 11 ತಿಂಗಳ ಕರಾರುಪತ್ರದಲ್ಲೇ 'ಬಾಡಿಗೆದಾರರು ಒಂದು ಲ್ಯಾಬ್ರಡಾರ್ ನಾಯಿ ಸಾಕಲು ಮಾಲೀಕರ ಒಪ್ಪಿಗೆ ಇದೆ' ಎಂದು ಬರೆಸಿ. ಬಾಗಿಲು, ಸೊಳ್ಳೆ ಜಾಲರಿ ಹಾಳಾದರೆ ರಿಪೇರಿ ಖರ್ಚು ನಿಮ್ಮದೆಂಬ ಸಾಲನ್ನೂ ನೀವೇ ಸೇರಿಸಿ, ಅರ್ಧ ಹೆದರಿಕೆ ಅಲ್ಲೇ ಹೋಗುತ್ತದೆ. ಕೀಲಿ ತೆಗೆದುಕೊಳ್ಳುವ ದಿನವೇ ಪ್ರತಿ ಬಾಗಿಲಿನ ಕೆಳಭಾಗದ ಫೋಟೋ ತೆಗೆದು ವಾಟ್ಸಾಪ್ ಮಾಡಿ. ನಾಯಿ ಕೆರೆಯುವುದು ಅಲ್ಲೇ.

ಉತ್ತರ 2
ಫ್ಲ್ಯಾಟಿಗೇ ಯಾಕೆ ಅಂಟಿಕೊಂಡಿದ್ದೀರಿ? ಸಂತೆಕಟ್ಟೆ, ಅಂಬಲಪಾಡಿ ಕಡೆ ಕಾಂಪೌಂಡ್ ಇರುವ ಬಿಡಿ ಮನೆ ನೋಡಿ. ಸಿಟೌಟಿಗೆ (ಮುಂದಿನ ಜಗಲಿಗೆ) ಮಾಡು ಇರಲೇಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆ ನಾಯಿಯನ್ನು ಒರೆಸಿ ಒಣಗಿಸಲು ಬೇರೆ ಜಾಗ ಇರುವುದಿಲ್ಲ, ತೇವ ಉಳಿದರೆ ಲ್ಯಾಬ್‌ಗೆ ಕಿವಿ ಸೋಂಕು ಬೇಗ ಬರಬಹುದು.

ಗೋಡೆ ಹತ್ತಿರದಿಂದ ನೋಡಿ. ಸಾರಣೆ ಮಾಡದ ಕೆಂಪುಕಲ್ಲಿನ ತೂತುಗಳಲ್ಲಿ ಉಣ್ಣಿ ಅಡಗುತ್ತದೆ. ರಕ್ತ ಕುಡಿದ ಹೆಣ್ಣುಣ್ಣಿ ನಾಯಿ ಮೈಯಿಂದ ಇಳಿದು ಗೋಡೆ ಹತ್ತಿ ಬಿರುಕಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಮುಂಚೆ ಅಲ್ಲಿ ನಾಯಿ ಇತ್ತಾ ಕೇಳಿ. ಇದ್ದಿದ್ದರೆ ಸಾಮಾನು ಇಳಿಸುವ ಮೊದಲೇ ಗೋಡೆಗೆ ಔಷಧ ಹೊಡೆಸಿ, ಪೂರ್ತಿ ಒಣಗಿದ ಮೇಲೆ ನಾಯಿಯನ್ನು ಬಿಡಿ. ನಾಯಿಗೆ ಮಾತ್ರ ಮದ್ದು ಹಾಕಿದರೆ ಗೋಡೆಯಿಂದ ಪುನಃ ಬರುತ್ತದೆ, ಉಣ್ಣಿ ಜ್ವರ ಬಂದರೆ ನಾಯಿಯ ಜೀವಕ್ಕೇ ಅಪಾಯ.

ಉತ್ತರ 3
ಒಂದು ಮಾತು ಬಿಟ್ಟುಹೋಯಿತು. ಹಿತ್ತಲಲ್ಲಿ ನಾಗಬನವೋ ದೈವದ ಗುಡಿಯೋ ಉಂಟಾ ಎಂದು ಮೊದಲೇ ಕೇಳಿ ಮಾರಾಯ್ರೇ. ನಾಯಿ ಅಲ್ಲಿ ಕಾಲು ಎತ್ತಿದರೆ ಯಾವ ಕರಾರುಪತ್ರವೂ ನಿಲ್ಲುವುದಿಲ್ಲ, ಮನೆಯ ಮಾಲೀಕರಿಗೆ ಅದು ನಿಜವಾಗಿಯೂ ನೋವಿನ ವಿಷಯ. ನಡುವೆ ಗಟ್ಟಿ ಬೇಲಿ, ಚಿಲಕ ಇರುವ ಗೇಟು ಇದ್ದರೆ ಮಾತ್ರ ಮುಂದುವರಿಯಿರಿ. ಬಾವಿಗೆ ಕಟ್ಟೆ ಎಷ್ಟು ಎತ್ತರ ಇದೆ, ಅದನ್ನೂ ನೋಡಿ.

ಪ್ರಶ್ನೆ ಕೇಳಿದವರು
ತುಂಬಾ ಉಪಕಾರ. ಭಾನುವಾರ ಸಂತೆಕಟ್ಟೆಯಲ್ಲಿ ಎರಡು ಮನೆ ನೋಡುವುದಿದೆ. ಒಂದರದ್ದು ಕೆಂಪುಕಲ್ಲಿನ ಗೋಡೆಯೇ, ಟಾರ್ಚ್ ತೆಗೆದುಕೊಂಡು ಹೋಗುತ್ತೇನೆ.