ಕಾಪು ಕಡೆಯ ಕಡಲ್ಕೊರೆತ: ತಡೆಗೋಡೆ ಮುಂದುವರಿಸಿ ಅಂತ ಕೇಳುವುದೋ, ಬೇರೆ ದಾರಿ ಇದೆಯೋ?

ತೆಂಕುಕರೆ:
ಕಾಪುವಿನಿಂದ ತೆಂಕಕ್ಕೆ ಸುಮಾರು 200 ಮೀಟರ್ ತೀರದಲ್ಲಿ ಮಳೆಗಾಲ ಬಂತೆಂದರೆ ತೆಂಗಿನ ಮರಗಳು ಬುಡ ಸಮೇತ ಹೋಗುತ್ತಿವೆ. ಬಡಗು ಬದಿಯ ಕಲ್ಲಿನ ತಡೆಗೋಡೆ ಮುಗಿದಲ್ಲಿಂದಲೇ ಕೊರೆತ ಜೋರು. ಪಂಚಾಯತಿಗೆ ಮನವಿ ಕೊಡಬೇಕೆಂದಿದ್ದೇವೆ. ಆದರೆ ಕೈರಂಪಣಿ (ದಡದಿಂದ ಎಳೆಯುವ ಬಲೆ) ಎಳೆಯಲು, ನಾಡದೋಣಿ ಮೇಲೆ ತರಲು ಹೊಯಿಗೆಯೂ (ಮರಳೂ) ಉಳಿಯಬೇಕಲ್ಲ. ತಿಳಿದವರು ಹೇಳಿ.

ಹೊಯಿಗೆಲೆಕ್ಕ:
ಇದು ಮಳೆಗಾಲದ ಏರಿಳಿತವೋ ಕಾಯಂ ನಷ್ಟವೋ, ಮೊದಲು ಅದನ್ನು ನೋಡಿ. ಜೂನ್‌ನಿಂದ ಆಗಸ್ಟ್‌ವರೆಗೆ ದೊಡ್ಡ ತೆರೆಗಳು ಹೊಯಿಗೆಯನ್ನು ಒಯ್ದು ನೀರಿನಡಿ ದಿಬ್ಬ ಕಟ್ಟುತ್ತವೆ. ಮಳೆ ಕಳೆದ ಮೇಲೆ ಸಣ್ಣ ತೆರೆಗಳು ಅದನ್ನು ಮೆಲ್ಲಗೆ ದಡಕ್ಕೆ ತರುತ್ತವೆ. ಜುಲೈಯಲ್ಲಿ ಅಳೆದರೆ ಲೆಕ್ಕ ತಪ್ಪುತ್ತದೆ. ಬಾವಿಕಟ್ಟೆಯಂಥ ಕದಲದ ಗುರುತು ಹಿಡಿದು ಭರತದ ಗೆರೆಯವರೆಗೆ ಟೇಪ್ ಹಿಡಿಯಿರಿ, 50 ಮೀಟರಿಗೊಂದರಂತೆ ಐದು ಕಡೆ. ಈ ಮಾರ್ಚಿನ ಅಳತೆಯನ್ನು ಮುಂದಿನ ಮಾರ್ಚಿನದರ ಜೊತೆ ಹೋಲಿಸಿ. ಗೂಗಲ್ ಅರ್ಥ್‌ನ ಹಳೆಯ ಚಿತ್ರಗಳಲ್ಲೂ ಅಳೆಯಬಹುದು.

ಕಾಯಂ ನಷ್ಟ ಅಂತಾದರೆ ಹೊಯಿಗೆ ಎಲ್ಲಿ ತಡೆದು ನಿಂತಿದೆ ಅಂತ ಹುಡುಕಬೇಕು. ತೀರಕ್ಕೆ ಹೊಯಿಗೆ ಬರುವುದು ಹೆಚ್ಚಾಗಿ ನದಿಗಳಿಂದ. ಅಣೆಕಟ್ಟು, ಅಳಿವೆಯ ಮರಳುಗಾರಿಕೆ, ಬ್ರೇಕ್‌ವಾಟರ್ (ತೆರೆ ತಡೆಯಲು ಕಡಲಿಗೆ ಚಾಚಿ ಕಟ್ಟುವ ಕಲ್ಲಿನ ಒಡ್ಡು) ಮೂರೂ ಅದರ ದಾರಿಗೆ ಅಡ್ಡ. ನೇತ್ರಾವತಿ–ಗುರುಪುರ ಅಳಿವೆ ಬಾಗಿಲಿಗೆ 1990ರ ದಶಕದಲ್ಲಿ ಬ್ರೇಕ್‌ವಾಟರ್ ಕಟ್ಟಿದ ಮೇಲೆ ಬಡಗಿನ ಬೆಂಗ್ರೆಯಲ್ಲಿ ಹೊಯಿಗೆ ತುಂಬಿತು, ತೆಂಕಿನ ಉಳ್ಳಾಲದಲ್ಲಿ ಮನೆಗಳು ಹೋದವು.

ಕರಿಗಲ್ಲು:
ಗೋಡೆ ಕೇಳುವುದಾದರೆ ನಕ್ಷೆ ನೋಡದೆ ಒಪ್ಪಬೇಡಿ. 1:2 ಇಳಿಜಾರಿನ (ಒಂದು ಪಾಲು ಎತ್ತರಕ್ಕೆ ಎರಡು ಪಾಲು ಅಡ್ಡಗಲ) ಗೋಡೆಗೆ 2 ಮೀಟರ್ ತೆರೆ ಬಡಿದರೆ ಹೊರಮೈ ಕಲ್ಲು ತಲಾ 1.3 ಟನ್ ಬೇಕು. ತೆರೆ 2.5 ಮೀಟರ್ ಆದರೆ 2.6 ಟನ್! ಎತ್ತರ ಕಾಲು ಪಾಲು ಹೆಚ್ಚಿದ್ದಕ್ಕೇ ತೂಕ ದುಪ್ಪಟ್ಟು. ಲಾರಿಯಿಂದ ಸುಮ್ಮನೆ ಸುರಿದ 200 ಕಿಲೋ ಕಲ್ಲು ಉರುಳಿ ಹೋಗುವುದು ಇದಕ್ಕೇ. ಅಡಿಯಲ್ಲಿ ನೀರು ಬಿಟ್ಟು ಹೊಯಿಗೆ ತಡೆಯುವ ಜಿಯೊಟೆಕ್ಸ್‌ಟೈಲ್ ಬಟ್ಟೆ, ಅದರ ಮೇಲೆ ಹೊರಗಲ್ಲಿನ ಹತ್ತನೇ ಒಂದು ಪಾಲು ತೂಕದ ಕಲ್ಲಿನ ಪದರ, ಆಮೇಲೆ ದೊಡ್ಡ ಕಲ್ಲು. ಬಟ್ಟೆ ಇಲ್ಲದಿದ್ದರೆ ಸಂದಿಯಿಂದ ಹೊಯಿಗೆ ಸೋರಿ ಗೋಡೆ ಕುಸಿಯುತ್ತದೆ.

ಬುಡ ಮುಖ್ಯ ಮಾರಾಯ್ರೆ. ಗೋಡೆಗೆ ಬಡಿದು ಹಿಂದಿರುಗುವ ನೀರು ಎದುರಿನ ಹೊಯಿಗೆಯನ್ನು ತೋಡುತ್ತದೆ, ಹೆಚ್ಚುಕಡಿಮೆ ತೆರೆಯ ಎತ್ತರದಷ್ಟೇ ಆಳಕ್ಕೆ. ಬುಡದ ಕಲ್ಲು ಅದಕ್ಕಿಂತ ಕೆಳಗಿರಬೇಕು. ಎಷ್ಟೇ ಚೆನ್ನಾಗಿ ಕಟ್ಟಿದರೂ ಗೋಡೆ ಉಳಿಸುವುದು ಹಿಂದಿನ ಜಾಗವನ್ನು, ಎದುರಿನ ಹೊಯಿಗೆಯನ್ನಲ್ಲ. ನಿಮ್ಮ 200 ಮೀಟರಿಗೆ ಕಟ್ಟಿದರೆ ಪಕ್ಕದವರಿಗೆ ನಿಮ್ಮದೇ ಪಾಡು.

ತೆಂಕುಕರೆ:
ಹಾಗಾದರೆ ಹೊಯಿಗೆಯನ್ನೇ ತಂದು ಸುರಿದರೆ? ಗಾಳಿಮರ ನೆಟ್ಟರೆ ನಿಲ್ಲುತ್ತದಾ?

ಹೊಯಿಗೆಲೆಕ್ಕ:
ಸುರಿಯಬಹುದು, ಆದರೆ ಲೆಕ್ಕ ದೊಡ್ಡದು. ತೆರೆ ಕಲಕುವ ಆಳ 6 ಮೀಟರ್, ದಡದ ಎತ್ತರ 2 ಮೀಟರ್ ಅಂತಿಟ್ಟುಕೊಳ್ಳಿ. 200 ಮೀಟರ್ ತೀರವನ್ನು 10 ಮೀಟರ್ ಅಗಲ ಮಾಡಲು 200×10×8, ಅಂದರೆ 16,000 ಘನ ಮೀಟರ್. ಎರಡು ಯುನಿಟ್‌ನ (200 ಘನ ಅಡಿ, ಸುಮಾರು 5.7 ಘನ ಮೀಟರ್) ಟಿಪ್ಪರಿನಲ್ಲಿ 2,800 ಲೋಡ್‌ಗೂ ಮೇಲೆ. ಅಳಿವೆಯಲ್ಲಿ ಹೂಳೆತ್ತುವಾಗ ಸಿಗುವ ಹೊಯಿಗೆಯನ್ನು ಪೈಪಿನಲ್ಲಿ ತೀರಕ್ಕೆ ಹಾಯಿಸಿದರೆ ಮಾತ್ರ ಪೂರೈಸುತ್ತದೆ. ಕಾಳು ನಿಮ್ಮ ತೀರದ್ದರಷ್ಟಾದರೂ ದಪ್ಪವಿರಬೇಕು. ಕೆಸರು ಮೊದಲ ಮಳೆಗಾಲಕ್ಕೇ ಕರಗುತ್ತದೆ. ನಿಧಾನವಾದರೂ ನನ್ನ ಮತ ಇದಕ್ಕೇ.

ಉಳ್ಳಾಲದಲ್ಲಿ ಎಡಿಬಿ (ಏಷ್ಯನ್ ಅಭಿವೃದ್ಧಿ ಬ್ಯಾಂಕ್) ಸಾಲದ ಯೋಜನೆಯಲ್ಲಿ ತೆರೆಯ ಬಲ ಮುರಿಯಲು ನೀರೊಳಗೆ ರೀಫ್, ಅಂದರೆ ಮುಳುಗಿದ ದಿಬ್ಬ, ಹಾಕಿದರು. ಮರವಂತೆಯಲ್ಲಿ ದಡದಿಂದ ಕಡಲಿಗೆ ಚಾಚಿದ ಅಡ್ಡಗೋಡೆಗಳು, ಅಂದರೆ ಗ್ರೋಯಿನ್‌ಗಳಿವೆ. ಗ್ರೋಯಿನ್ ಹಾದುಹೋಗುವ ಹೊಯಿಗೆಯನ್ನು ಹಿಡಿಯುತ್ತದೆ ಅಷ್ಟೆ, ಹೊಸದು ಹುಟ್ಟಿಸುವುದಿಲ್ಲ.

ಗಾಳಿಮರ ಗಾಳಿ ತಡೆಯುತ್ತದೆ, ತೆರೆಯನ್ನಲ್ಲ. ಬುಡ ಕೊರೆದರೆ ಅದೂ ಮಲಗುತ್ತದೆ. ದಿಬ್ಬದ ಮೇಲೆ ಅಡಂಬು ಬಳ್ಳಿ ಹಬ್ಬಿಸಿ, ಹಾರುವ ಹೊಯಿಗೆಯನ್ನು ಅದು ಹಿಡಿದಿಡುತ್ತದೆ.

ಕರಿಗಲ್ಲು:
ಈ ಮಳೆಗಾಲಕ್ಕೆ ತುರ್ತಾಗಿ ಏನಾದರೂ ಬೇಕಾದರೆ ಸಿಮೆಂಟ್ ಚೀಲ ಬೇಡ, ಬಿಸಿಲಿಗೆ ಹರಿದು ಪ್ಲಾಸ್ಟಿಕ್ಕೆಲ್ಲ ಬಲೆಗೆ ಸಿಗುತ್ತದೆ. ಒಂದು ಘನ ಮೀಟರಿನ ಜಿಯೊ ಬ್ಯಾಗನ್ನು (ಜಿಯೊಟೆಕ್ಸ್‌ಟೈಲ್ ಬಟ್ಟೆಯ ಚೀಲ) ಹೊಯಿಗೆಯಿಂದ ಮುಕ್ಕಾಲಿಗಿಂತ ತುಸು ಹೆಚ್ಚು ತುಂಬಿ, ಇಟ್ಟಿಗೆ ವರಸೆಯಂತೆ ಸಂದಿ ತಪ್ಪಿಸಿ ಇಡಿಸಿ. ತುಂಬುವ ಹೊಯಿಗೆಯನ್ನು ಎದುರಿನ ದಡದಿಂದಲೇ ಬಗೆಯಲು ಮಾತ್ರ ಬಿಡಬೇಡಿ. ಕಾಮಗಾರಿ ಯಾವುದಾದರೂ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅನುಮತಿ ಬೇಕು, ಮನವಿಯ ಜೊತೆ ಆ ಐದು ಕಡೆಯ ಅಳತೆಯನ್ನೂ ಲಗತ್ತಿಸಿ.