ಮಿಕ್ಸಿಯಲ್ಲಿ ಎಷ್ಟು ಕಡೆದರೂ ಬೆಣ್ಣೆ ಕಟ್ಟುತ್ತಿಲ್ಲ, ಬರೀ ನೊರೆ. ಏನು ತಪ್ಪಾಗುತ್ತಿದೆ?

ಕೆನೆಪಾತ್ರೆ:
ಎಲ್ಲರಿಗೂ ನಮಸ್ಕಾರ. ಊರು ದಾವಣಗೆರೆ. ಹತ್ತು ದಿನದ ಕೆನೆ ಕೂಡಿಟ್ಟು, ಹೆಪ್ಪು ಹಾಕಿ, ಮಿಕ್ಸಿಯಲ್ಲಿ ಕಡೆದು ಬೆಣ್ಣೆ ತೆಗೆಯುವುದು ನಮ್ಮ ಮನೆಯ ರೂಢಿ. ಜನವರಿವರೆಗೂ ಏನೂ ತೊಂದರೆ ಇರಲಿಲ್ಲ. ಈಗ ಏಪ್ರಿಲ್‌ನಲ್ಲಿ ಎರಡು ಸಲ ಕೆಟ್ಟಿತು. ಮೊದಲು ನೊರೆ ಉಕ್ಕಿತು. ಆಮೇಲೆ ಮೇಲೆಲ್ಲ ಎಣ್ಣೆಪಸೆ. ಉಂಡೆ ಮಾತ್ರ ಕಟ್ಟಲೇ ಇಲ್ಲ. ಇಪ್ಪತ್ತು ನಿಮಿಷ ಮಿಕ್ಸಿ ಓಡಿಸಿದೆ. ಅಷ್ಟೂ ಕೆನೆ ಹಾಳಾಯಿತು, ತುಂಬ ಬೇಜಾರಾಗಿದೆ.

ಒಲೆಮುಂದೆ:
ಸ್ವಲ್ಪ ಬಿಸಿನೀರು ಹಾಕಿ ಕಡೆಯಿರಿ. ನಮ್ಮಮ್ಮ ಹಾಗೇ ಮಾಡುತ್ತಾರೆ, ತಕ್ಷಣ ಬೆಣ್ಣೆ ಬರುತ್ತದೆ.

ಮೊಸರುಗಡಿಗೆ:
ಬಿಸಿನೀರು ಚಳಿಗಾಲದ ಉಪಾಯ. ನಿಮ್ಮಮ್ಮ ಮಾಡುವುದು ಸರಿಯೇ, ಆದರೆ ಏಪ್ರಿಲ್‌ನ ದಾವಣಗೆರೆಯಲ್ಲಿ ಅದು ಇನ್ನೂ ಕೆಡಿಸುತ್ತದೆ.

ಕೆನೆಪಾತ್ರೆ ಅವರೇ, ಎರಡು ವಿಷಯ ಹೇಳಿ. ಕಡೆಯುವಾಗ ಕೆನೆ ಎಷ್ಟು ತಣ್ಣಗಿತ್ತು? ಹಾಲು ಯಾವುದು, ಜನವರಿಯಿಂದ ಈಚೆಗೆ ಬದಲಾಯಿಸಿದಿರಾ?

ಯಾಕೆ ಕೇಳುತ್ತಿದ್ದೇನೆ ಅಂದರೆ, ಹಾಲಿನ ಕೊಬ್ಬು ಸಣ್ಣ ಸಣ್ಣ ಹನಿಗಳಾಗಿ ಇರುತ್ತದೆ. ಒಂದು ಹನಿ ಸರಾಸರಿ 3–4 ಮೈಕ್ರಾನ್. ಒಂದು ಮಿಲಿಮೀಟರ್ ಉದ್ದಕ್ಕೆ ಸುಮಾರು 300 ಹನಿ ಸಾಲಾಗಿ ಕೂರುತ್ತವೆ. ಹನಿಯ ಒಳಗೆ ಬಹುಪಾಲು ಟ್ರೈಗ್ಲಿಸರೈಡ್. ಒಂದು ಗ್ಲಿಸರಾಲ್, ಅದಕ್ಕೆ ಅಂಟಿದ ಮೂರು ಕೊಬ್ಬಿನಾಮ್ಲದ ಬಾಲಗಳು, ಅಷ್ಟೇ. ಹನಿಯ ಹೊರಗೆ ಒಂದು ಪೊರೆ. ಅದರಲ್ಲಿ ಫಾಸ್ಫೋಲಿಪಿಡ್ ಮತ್ತು ಪ್ರೋಟೀನ್ ಇರುತ್ತವೆ. ಫಾಸ್ಫೋಲಿಪಿಡ್‌ಗೆ ಬಾಲ ಎರಡೇ. ಮೂರನೆಯದರ ಜಾಗದಲ್ಲಿ ಫಾಸ್ಫೇಟ್ ಇರುವ ತಲೆ. ತಲೆ ನೀರಿನ ಕಡೆ ತಿರುಗುತ್ತದೆ, ಬಾಲ ನೀರಿನಿಂದ ತಪ್ಪಿಸಿಕೊಳ್ಳುತ್ತದೆ. ಕೆಚ್ಚಲಿನ ಜೀವಕೋಶದಿಂದ ಹೊರಗೆ ಬರುವಾಗ ಹನಿ ಆ ಕೋಶದ್ದೇ ಹೊರಪೊರೆಯನ್ನು ಹೊದ್ದುಕೊಂಡು ಬರುತ್ತದೆ. ನನಗೆ ಇದು ಎಷ್ಟು ಸಲ ನೆನೆದರೂ ಅಚ್ಚರಿಯೇ.

ಈ ಹೊದಿಕೆ ಇರುವ ತನಕ ಹನಿಗೆ ಹನಿ ಸೇರುವುದಿಲ್ಲ. ನಾವು ಕಡೆಯುವುದೇ ಅದನ್ನು ಹರಿಯಲಿಕ್ಕೆ.

ಬರೀ ಹರಿದರೆ ಸಾಲದು, ಹದವೂ ಬೇಕು. ಪಾಮಿಟಿಕ್ ಆಮ್ಲ ಅಂತ ಒಂದು ಕೊಬ್ಬಿನಾಮ್ಲ, ಅದರ ಬಾಲ ನೇರ. ಅಂಥವು ಒತ್ತೊತ್ತಾಗಿ ಜೋಡಿಕೊಂಡು ಬೇಗ ಗಟ್ಟಿಯಾಗುತ್ತವೆ. ಓಲೆಯಿಕ್ ಆಮ್ಲ ಇನ್ನೊಂದು, ಅದರ ಬಾಲ ನಡುವೆ ಬಾಗಿರುತ್ತದೆ. ಅದು ಒತ್ತಾಗಿ ಕೂರುವುದಿಲ್ಲ, ತಂಪಿನಲ್ಲೂ ನೀರಾಗಿಯೇ ಉಳಿಯುತ್ತದೆ. ಹಾಲಿನ ಕೊಬ್ಬಿನಲ್ಲಿ ಎರಡೂ ಜಾಸ್ತಿ ಇವೆ. ಹಾಗಾಗಿ 10ರಿಂದ 14 ಡಿಗ್ರಿಯಲ್ಲಿ ಕೊಬ್ಬು ಒಂದಷ್ಟು ಗಟ್ಟಿ ಹರಳಾಗಿ, ಒಂದಷ್ಟು ಎಣ್ಣೆಯಾಗಿ ಇರುತ್ತದೆ. ಹರಳು ಪೊರೆಯನ್ನು ಚುಚ್ಚುತ್ತದೆ. ಎಣ್ಣೆ ಜಿನುಗಿ ಹನಿಗಳನ್ನು ಅಂಟಿಸುತ್ತದೆ. 30 ಡಿಗ್ರಿ ಆದರೆ ಹರಳು ಬಹುತೇಕ ಕರಗಿಹೋಗಿರುತ್ತದೆ, ನಿಮಗೆ ಸಿಕ್ಕ ಎಣ್ಣೆಪಸೆ ಅದೇ. ತೀರಾ ತಣ್ಣಗಾದರೆ ಅಂಟು ಸಾಲದೆ ನೊರೆಯಾಗಿ ನಿಲ್ಲುತ್ತದೆ. ಚಳಿಗಾಲಕ್ಕೆ ಬಿಸಿನೀರು, ಬೇಸಿಗೆಗೆ ತಣ್ಣೀರು ಅಂತ ಹಿರಿಯರು ಹೇಳುವುದು, ನಸುಕಿನಲ್ಲೇ ಎದ್ದು ಕಡೆಯುವುದು, ಎಲ್ಲ ಈ ಹದಕ್ಕಾಗಿ.

ಕೆನೆಪಾತ್ರೆ:
ಥರ್ಮಾಮೀಟರ್ ಇತ್ತು, ಈಗ ಅಳೆದೆ. ರಾತ್ರಿ ಹೊರಗಿಟ್ಟ ಕೆನೆ 29 ಡಿಗ್ರಿ! ಹಾಲೂ ಬದಲಾಗಿದೆ. ಮನೆಗೆ ಎಮ್ಮೆ ಹಾಲು ತರುತ್ತಿದ್ದವರು ಫೆಬ್ರವರಿಯಲ್ಲಿ ನಿಲ್ಲಿಸಿದರು. ಈಗ ಟೋನ್ಡ್ ಪ್ಯಾಕೆಟ್. ಮೇಲೆ ಹೋಮೋಜಿನೈಸ್ಡ್ ಅಂತಲೂ ಇದೆ. ಆದರೆ ಕಾಯಿಸಿದರೆ ಕೆನೆ ಬರುತ್ತದಲ್ವಾ?

ಮೊಸರುಗಡಿಗೆ:
ಹಾಗಾದರೆ ಕಾರಣ ಎರಡು. ಬಿಸಿ ಒಂದು, ಹಾಲು ಇನ್ನೊಂದು. ಹಾಲಿನದೇ ದೊಡ್ಡದು.

ಹೋಮೋಜಿನೈಸ್ ಮಾಡುವಾಗ ಹಾಲನ್ನು ಭಾರಿ ಒತ್ತಡದಲ್ಲಿ ಸಣ್ಣ ಸಂದಿಯಿಂದ ತೂರಿಸುತ್ತಾರೆ. ಹನಿಗಳು ಒಡೆದು ಒಂದು ಮೈಕ್ರಾನಿಗಿಂತ ಚಿಕ್ಕದಾಗುತ್ತವೆ. ಅಷ್ಟೂ ಹೊಸ ಮೈಗೆ ಹಳೆ ಹೊದಿಕೆ ಸಾಲುವುದಿಲ್ಲ. ಹಾಲಿನ ಕೇಸಿನ್ ಪ್ರೋಟೀನ್ ಬಂದು ಆ ಜಾಗ ಮುಚ್ಚುತ್ತದೆ. ಅಂಥ ಹನಿ ಮೇಲಕ್ಕೂ ತೇಲುವುದಿಲ್ಲ, ಕಡೆದರೂ ಸುಲಭಕ್ಕೆ ಸೇರುವುದಿಲ್ಲ. ಕಾಯಿಸಿದಾಗ ನಿಮಗೆ ಸಿಗುವ ಪದರದಲ್ಲಿ ಪ್ರೋಟೀನಿನ ಪಾಲು ಜಾಸ್ತಿ. ನೋಡಲು ಕೆನೆಯ ಹಾಗೇ ಇರುತ್ತದೆ, ಆದರೆ ಅದರಲ್ಲಿ ಬೆಣ್ಣೆ ಕಡಿಮೆ. ಜೊತೆಗೆ ಟೋನ್ಡ್ ಹಾಲಿನಲ್ಲಿ ಕೊಬ್ಬು 3%. ಫುಲ್ ಕ್ರೀಮ್ ಆದರೆ 6%.

ಹೋಮೋಜಿನೈಸ್ ಮಾಡದ ಹಾಲು ಹುಡುಕಿ, ಎಮ್ಮೆಯದಾದರೆ ಇನ್ನೂ ಒಳ್ಳೆಯದು. ಅದರ ಹನಿಗಳೇ ದೊಡ್ಡವು. ಹೆಪ್ಪು ಹಾಕಿದ ಕೆನೆಯನ್ನು ಒಂದು ರಾತ್ರಿ ಪೂರ್ತಿ ಫ್ರಿಡ್ಜ್‌ನಲ್ಲಿಡಿ, ಹರಳು ಕಟ್ಟಲು ಗಂಟೆಗಟ್ಟಲೆ ಬೇಕು. ಹೊರಗೆ ತೆಗೆದು 12 ಡಿಗ್ರಿ ಆಗುವ ತನಕ ಕಾಯಿರಿ. ಜಾರು ಅರ್ಧ ಮಾತ್ರ ತುಂಬಿಸಿ. ಮಿಕ್ಸಿಯನ್ನು ಬಿಟ್ಟು ಬಿಟ್ಟು ಓಡಿಸಿ, ಬ್ಲೇಡ್ ಓಡಿದಷ್ಟೂ ಕೆನೆ ಬಿಸಿಯಾಗುತ್ತದೆ. ಬಿಸಿ ಏರಿತು ಅನ್ನಿಸಿದರೆ ಐಸ್‌ನೀರು ಹಾಕಿ.

ಪಿಯುಸಿ_ಜೀವಶಾಸ್ತ್ರ:
ಮಧ್ಯೆ ಕೇಳುತ್ತಿದ್ದೇನೆ, ಕ್ಷಮಿಸಿ. ಹಾಲಿನ ಹನಿಯ ಈ ಪೊರೆ ನಮ್ಮ ಜೀವಕೋಶದ ಪೊರೆಯಂಥದ್ದೇನಾ? ಕೊಲೆಸ್ಟ್ರಾಲ್ ಕೂಡ ಲಿಪಿಡ್ ಅಂತಾರೆ. ಅದಕ್ಕೆ ಮೂರು ಬಾಲ ಎಲ್ಲಿದೆ?

ಮೊಸರುಗಡಿಗೆ:
ಒಳ್ಳೆಯ ಪ್ರಶ್ನೆ, ಕ್ಷಮೆ ಯಾಕೆ. ಲಿಪಿಡ್ ಅನ್ನುವುದು ಒಂದೇ ಆಕಾರದ ವಸ್ತುವಿನ ಹೆಸರಲ್ಲ. ನೀರಿಗೆ ಸೇರದ, ಎಣ್ಣೆ ಜಾತಿಯ ದ್ರಾವಕಕ್ಕೆ ಸೇರುವ ಹಲವು ವಸ್ತುಗಳಿಗೆ ಒಟ್ಟಾಗಿ ಆ ಹೆಸರು. ಕೊಲೆಸ್ಟ್ರಾಲ್ ಸ್ಟೆರಾಲ್ ಗುಂಪಿನದು, ನಾಲ್ಕು ಉಂಗುರ ಸೇರಿದ ಆಕಾರ. ಪೊರೆಯಲ್ಲಿ ಫಾಸ್ಫೋಲಿಪಿಡ್‌ಗಳ ನಡುವೆ ಕೂತು, ಪೊರೆ ತೀರಾ ಸಡಿಲವೂ ಆಗದಂತೆ ತೀರಾ ಬಿಗಿಯೂ ಆಗದಂತೆ ನೋಡಿಕೊಳ್ಳುತ್ತದೆ. ಪಿತ್ತರಸದ ಆಮ್ಲಗಳೂ ಹಲವು ಹಾರ್ಮೋನುಗಳೂ ಅದರಿಂದಲೇ ತಯಾರಾಗುತ್ತವೆ. ಅದನ್ನು ಬರೀ ಕೆಟ್ಟದ್ದು ಅಂತ ಕಲಿಯಬೇಡಿ.

ಪೊರೆಯ ವಿಷಯ: ಜೀವಕೋಶದ ಪೊರೆಯಲ್ಲಿ ಫಾಸ್ಫೋಲಿಪಿಡ್ ಎರಡು ಪದರ. 1925ರಲ್ಲಿ ಗಾರ್ಟರ್ ಮತ್ತು ಗ್ರೆಂಡೆಲ್ ಎಂಬ ವಿಜ್ಞಾನಿಗಳು ಕೆಂಪು ರಕ್ತಕಣಗಳ ಲಿಪಿಡ್ ತೆಗೆದು ನೀರಿನ ಮೇಲೆ ಹರಡಿ ನೋಡಿದರು. ಕಣಗಳ ಮೈಯ ಸುಮಾರು ಎರಡರಷ್ಟು ಜಾಗ ಅದು ಹಿಡಿಯಿತು. ಎರಡು ಪದರ ಇರಬೇಕು ಅಂತ ಅದರಿಂದ ಹೇಳಿದರು. ಹಾಲಿನ ಹನಿಗೆ ಒಳಗೊಂದು ಪದರ ಮೊದಲೇ ಇರುತ್ತದೆ, ಹೊರಬರುವಾಗ ಈ ಎರಡು ಸೇರಿ ಮೂರಾಗುತ್ತದೆ. ಒಳಗಿನ ಕೊಬ್ಬು ಕರುವಿಗೆ ಬುತ್ತಿ. ಗ್ರಾಮಿಗೆ 9 ಕಿಲೊಕ್ಯಾಲೊರಿ, ಸಕ್ಕರೆಯ ಎರಡರಷ್ಟಕ್ಕೂ ಜಾಸ್ತಿ.

ಕೆನೆಪಾತ್ರೆ:
ಎರಡು ವಾರದ ಮೇಲೆ ಬರೆಯುತ್ತಿದ್ದೇನೆ. ಪಕ್ಕದ ಬೀದಿಯಲ್ಲಿ ಎಮ್ಮೆ ಹಾಲು ಸಿಕ್ಕಿತು. ಪ್ಯಾಕೆಟ್ ಕೆನೆಯನ್ನೂ ಬೇರೆ ಕೂಡಿಟ್ಟೆ. ಎರಡನ್ನೂ ರಾತ್ರಿ ಫ್ರಿಡ್ಜ್‌ನಲ್ಲಿಟ್ಟು 12 ಡಿಗ್ರಿಯಲ್ಲಿ ಕಡೆದೆ. ಎಮ್ಮೆಯದು ನಾಲ್ಕೇ ನಿಮಿಷಕ್ಕೆ ಕಾಳುಕಾಳಾಗಿ, ಆಮೇಲೆ ಉಂಡೆಯಾಗಿ ಬಂತು. ಪ್ಯಾಕೆಟ್‌ನದು ಹದಿನೈದು ನಿಮಿಷವಾದರೂ ನೊರೆಯೇ, ಕೊನೆಗೆ ನಿಂಬೆ ಗಾತ್ರದ್ದು ಸಿಕ್ಕಿತು. ಮಜ್ಜಿಗೆ ಚೆಲ್ಲಬೇಕಾ?

ಮೊಸರುಗಡಿಗೆ:
ಚೆಲ್ಲಲೇಬೇಡಿ. ಹರಿದ ಪೊರೆಯ ಫಾಸ್ಫೋಲಿಪಿಡ್ ಬಹಳಷ್ಟು ಮಜ್ಜಿಗೆಯಲ್ಲೇ ಉಳಿಯುತ್ತದೆ. ಒಗ್ಗರಣೆ ಹಾಕಿ ಕುಡಿಯಿರಿ. ಬೆಣ್ಣೆಯನ್ನು ಮಾತ್ರ ನೀರು ತಿಳಿಯಾಗುವ ತನಕ ತೊಳೆಯಿರಿ. ಮಜ್ಜಿಗೆ ಉಳಿದರೆ ಬೇಗ ಹಳಸುತ್ತದೆ, ಆಗ ಬರುವ ಘಾಟು ವಾಸನೆ ಗ್ಲಿಸರಾಲ್‌ನಿಂದ ಬಿಡಿಯಾದ ಬ್ಯುಟಿರಿಕ್ ಆಮ್ಲ ಎಂಬ ಕೊಬ್ಬಿನಾಮ್ಲದ್ದು.

ಕೆನೆಪಾತ್ರೆ:
ತೊಳೆದೆ. ಮೂರನೇ ನೀರಿಗೆ ತಿಳಿಯಾಯಿತು. ತುಪ್ಪ ಈಗ ಒಲೆ ಮೇಲಿದೆ.