‘ನಂಜು’ ಸಾಲದು: ಫ್ರೈನೋಡರ್ಮಕ್ಕೆ ನಿಮ್ಮ ಕಡೆ ಏನಂತಾರೆ?

ಎಲ್ಲರಿಗೂ ನಮಸ್ಕಾರ. ಕಲಬುರಗಿ ಸುತ್ತಲಿನ ಅಂಗನವಾಡಿಗಳಿಗೆಂದು ಮಕ್ಕಳ ಚರ್ಮದ ತೊಂದರೆಗಳ ಬಗ್ಗೆ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಊಟದ ಜೊತೆ ನಂಟಿರುವ ಅಪರೂಪದ ತೊಂದರೆಗಳ ಭಾಗಕ್ಕೆ ಬಂದು, ಫ್ರೈನೋಡರ್ಮಕ್ಕೆ, ಅಂದರೆ ಊಟ ಸಾಲದೆ ಮಕ್ಕಳ ಚರ್ಮ ತರಿತರಿಯಾಗುವ ತೊಂದರೆಗೆ, ಪದ ಸಿಗದೆ ನಿಂತಿದ್ದೇನೆ.

ನಮ್ಮಲ್ಲಿ ಮಗುವಿನ ಮೈಮೇಲೆ ಏನೇ ಎದ್ದರೂ ಮೊದಲ ಮಾತು ‘ನಂಜ್ ಆಗ್ಯಾದ’. ಅದರ ಬೆನ್ನಿಗೇ ‘ಬದನಿಕಾಯಿ ಕೊಡಬ್ಯಾಡ್ರಿ, ತತ್ತಿ ಬಂದ್ ಮಾಡ್ರಿ’. ಹಾವಿನ ವಿಷವೂ ನಂಜು, ಕೀವಾದ ಗಾಯವೂ ನಂಜು, ಒಗ್ಗದ ಊಟವೂ ನಂಜು. ತತ್ತಿ ತಿಂದ ಸ್ವಲ್ಪ ಹೊತ್ತಿಗೆ ಮೈತುಂಬ ದದ್ದು ಎದ್ದರೆ ‘ಪಿತ್ತಗಂಧೆ’ ಇದೆ, ‘ಅಲರ್ಜಿ’ಯಂತೂ ಎಲ್ಲರಿಗೂ ಗೊತ್ತು. ಅಲ್ಲಿ ನಂಜು ಅಂದರೂ ನಡೆಯುತ್ತೆ.

ಫ್ರೈನೋಡರ್ಮಕ್ಕೆ ಮಾತ್ರ ಅದು ನಡೆಯಲ್ಲ. ಇದು ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಲ್ಲಿ ಜಾಸ್ತಿ. ಮೊಣಕೈ, ಮೊಣಕಾಲು, ತೊಡೆಯ ಮೇಲ್ಗಡೆ ಕೂದಲು ಹುಟ್ಟುವ ಒಂದೊಂದು ತೂತಿನಲ್ಲೂ ಗಟ್ಟಿ ಮೊಳೆ ಎದ್ದಿರುತ್ತೆ. ಕೈಯಾಡಿಸಿದರೆ ಜೋಳದ ನುಚ್ಚು ಮುಟ್ಟಿದ ಹಾಗೆ. ನೀರಿಲ್ಲ, ಕೀವಿಲ್ಲ. ಹಾಗಾಗಿ ‘ಗುಳ್ಳೆ’, ‘ಕಜ್ಜಿ’ ಎರಡೂ ಹೊಂದಲ್ಲ. ಎ ಜೀವಸತ್ವ, ಬಿ ಗುಂಪಿನ ಜೀವಸತ್ವಗಳು, ಎಣ್ಣೆಯಿಂದ ಸಿಗಬೇಕಾದ ಕೊಬ್ಬಿನಾಮ್ಲ, ಇವುಗಳ ಕೊರತೆಗೆ ಇದರ ನಂಟು. ನಂಜು ಅಂತ ಬರೆದೆನೋ, ತಾಯಂದಿರು ಮೊದಲು ನಿಲ್ಲಿಸುವುದೇ ತತ್ತಿ ಮತ್ತು ಎಣ್ಣೆ. ಮಗುವಿಗೆ ಬೇಕಾದದ್ದೂ ಅವೇ! ನಮ್ಮ ಹೊಲದ ಕುಸುಬಿ ಎಣ್ಣೆಯಲ್ಲಿ ಆ ಕೊಬ್ಬಿನಾಮ್ಲ, ಅಂದರೆ ಲಿನೋಲಿಕ್, ಧಾರಾಳವಾಗಿದೆ. ಎಷ್ಟೋ ಅಡುಗೆಮನೆಗಳಲ್ಲಿ ಈಗ ಅದರ ಜಾಗಕ್ಕೆ ಪಾಮ್ ಎಣ್ಣೆ ಬಂದು ಕೂತಿದೆ, ಆ ಮಾತು ಇನ್ನೊಮ್ಮೆ.

ಫ್ರೈನೋಡರ್ಮ ಅನ್ನೋ ಹೆಸರು ಕೊಟ್ಟವರು ವೈದ್ಯ ಲೂಸಿಯಸ್ ನಿಕೋಲ್ಸ್, 1933ರಲ್ಲಿ, ಸಿಲೋನಿನಲ್ಲಿ (ಈಗಿನ ಶ್ರೀಲಂಕಾ). ಗ್ರೀಕಿನಲ್ಲಿ ನೆಲಗಪ್ಪೆಯ ತೊಗಲು ಅಂತ ಅರ್ಥ. ‘ಮಂಡೂಕಚರ್ಮ’ ಅಂದರೆ ಯಾರಿಗೆ ತಿಳಿಯುತ್ತೆ? ‘ಕಪ್ಪೆಚರ್ಮ’ ಅಂದರೆ ಜಾರುವ ನೀರುಗಪ್ಪೆ ನೆನಪಾಗುತ್ತೆ. ಮೇಲಾಗಿ ಆ ಮಗುವಿಗೆ ಶಾಲೆಯಲ್ಲಿ ‘ಕಪ್ಪಿ’ ಅನ್ನೋ ಅಡ್ಡಹೆಸರು ಗ್ಯಾರಂಟಿ. ಸದ್ಯಕ್ಕೆ ‘ತರಿಚರ್ಮ’ ಅಂತ ಹಾಕಿದ್ದೇನೆ. ಗೋಧಿ ತರಿಯ ತರಿ.

ಇದೇ ಗೊಂದಲ ಇನ್ನೊಂದು ಕಡೆಯೂ ಇದೆ. ಕೆಲವು ಮಕ್ಕಳ ಕರುಳು ಹುಟ್ಟಿನಿಂದಲೇ ಸತುವನ್ನು ಸರಿಯಾಗಿ ಹೀರಿಕೊಳ್ಳಲ್ಲ. ತೀರಾ ಅಪರೂಪ. ಎದೆಹಾಲಿನ ಸತು ಸುಲಭವಾಗಿ ಮೈಗೆ ಹತ್ತುತ್ತೆ, ಹಸುವಿನ ಹಾಲಿನದು ಅಷ್ಟು ಹತ್ತಲ್ಲ. ಹಾಗಾಗಿ ಎದೆಹಾಲು ಬಿಡಿಸಿದ ಮೇಲೆ ಬಾಯಿ ಮತ್ತು ಗುದದ ಸುತ್ತ, ಕೈಕಾಲಿನ ತುದಿಯಲ್ಲಿ ಚರ್ಮ ಕೆಂಪಾಗಿ ಸುಲಿಯುತ್ತೆ. ಭೇದಿ ಹತ್ತುತ್ತೆ, ಕೂದಲು ಉದುರುತ್ತೆ. ‘ಮೇಲಿನ ಹಾಲು ನಂಜಾಯ್ತು’ ಅಂದುಕೊಳ್ಳುವುದು ಸಹಜ ಅಲ್ವಾ? ಆದರೆ ಬರೀ ಹಾಲು ಬದಲಿಸುತ್ತಾ ಕೂತರೆ ವೈದ್ಯರ ಹತ್ತಿರ ಹೋಗುವುದು ತಡವಾಗುತ್ತೆ. ಸತುವಿನ ಔಷಧಿ ಶುರುವಾದರೆ ಮಗು ಬೇಗ ಚೇತರಿಸಿಕೊಳ್ಳುತ್ತೆ, ಅದನ್ನು ಜೀವನಪೂರ್ತಿ ತೆಗೆದುಕೊಳ್ಳಬೇಕು ಅಷ್ಟೇ.

ಬೀದರ್, ಯಾದಗಿರಿ ಕಡೆಯವರು ದಯವಿಟ್ಟು ಹೇಳಿ. ಇಂಥ ತರಿತರಿ ಮೈಗೆ ನಿಮ್ಮ ಮನೆಯ ಹಿರಿಯರು ಬಳಸುವ ಪದ ಇದೆಯೇ? ಮರಾಠಿ, ದಖನಿಯಿಂದ ಬಂದದ್ದಾದರೂ ಸರಿ. ಇನ್ನೊಂದು ಪ್ರಶ್ನೆ: ಊಟ ಸಾಲದೆ ಚರ್ಮ ಕೆಡುವುದನ್ನು ನಂಜಿನಿಂದ ಬೇರೆ ಮಾಡಿ ತೋರಿಸುವ ಆಡುಮಾತು ಯಾವುದು? ‘ಪೋಷಕಾಂಶದ ಕೊರತೆ’ ಅಂತ ಮಾತ್ರ ಹೇಳಬೇಡಿ, ಅದನ್ನು ಆಗಲೇ ಬರೆದು ಹೊಡೆದು ಹಾಕಿದ್ದೇನೆ.